ತಾರಾಗುಚ್ಛದ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಬಿಳಿಯಾಗುವುದೇಕೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಪರ್ಸಿಯಸ್ ನಕ್ಷತ್ರಪುಂಜದ ಜೋಡಿ ಗುಚ್ಛವನ್ನು ತಲಾ 3 ನಿಮಿಷಗಳ ಎಕ್ಸ್‌ಪೋಷರ್‌ಗಳಲ್ಲಿ ಸೆರೆಹಿಡಿದಿದ್ದೇನೆ. ಗೈಡಿಂಗ್ (ಆಕಾಶದ ಚಲನೆಗೆ ತಕ್ಕಂತೆ ದೂರದರ್ಶಕವನ್ನು ತಿರುಗಿಸುವುದು) ಮತ್ತು ಫೋಕಸ್ ಎರಡೂ ಸರಿಯಿವೆ. ಆದರೂ ನಕ್ಷತ್ರಗಳೆಲ್ಲ ಉಬ್ಬಿದ ಬಿಳಿ ಚುಕ್ಕೆಗಳಂತೆ ಕಾಣುತ್ತವೆ. ಇನ್ನೂ ದೀರ್ಘವಾದ ಎಕ್ಸ್‌ಪೋಷರ್ ಕೊಡಬೇಕೆ?

ಉತ್ತರ: ಬೇಡ. ಈ ಪ್ರಶ್ನೆ ಬೇರೆ ಬೇರೆ ಗುಚ್ಛಗಳ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ಜಾಗದ ಬಹುಪಾಲನ್ನು ಇದಕ್ಕೇ ಕೊಡುತ್ತಿದ್ದೇನೆ. ಮಸುಕಾದ ನೀಹಾರಿಕೆಗಳನ್ನು ಚಿತ್ರಿಸಲು ಕಲಿತ ಪಾಠವನ್ನು ತಾರಾಗುಚ್ಛಕ್ಕೆ ಯಥಾವತ್ತಾಗಿ ಅನ್ವಯಿಸುವುದೇ ತೊಂದರೆಯ ಮೂಲ. ನೀಹಾರಿಕೆಯ ಚಿತ್ರದಲ್ಲಿ ನಕ್ಷತ್ರಗಳು ಹಾಳಾದರೂ ನೋಡುವವರು ಕ್ಷಮಿಸುತ್ತಾರೆ. ಗುಚ್ಛದ ಚಿತ್ರದಲ್ಲಿ ನಕ್ಷತ್ರಗಳ ಹೊರತು ನೋಡಲು ಬೇರೇನೂ ಇರುವುದಿಲ್ಲ.

ಸಂವೇದಕದ ಪ್ರತಿಯೊಂದು ಪಿಕ್ಸೆಲ್ ಹಿಡಿದಿಡಬಲ್ಲ ಎಲೆಕ್ಟ್ರಾನ್‌ಗಳಿಗೆ ಮಿತಿಯಿದೆ. ತುಂಬಿದ ಲೋಟಕ್ಕೆ ಮತ್ತೆ ಸುರಿದ ನೀರಿನಂತೆ, ಆ ಮಿತಿಯ ನಂತರ ಬಂದ ಬೆಳಕು ಲೆಕ್ಕಕ್ಕೆ ಸಿಗುವುದಿಲ್ಲ. ಬಣ್ಣವೆಂದರೆ ಕೆಂಪು, ಹಸಿರು, ನೀಲಿ ಮೌಲ್ಯಗಳ ನಡುವಿನ ಅನುಪಾತ. ಮೂರೂ ಮಿತಿ ಮುಟ್ಟಿದ ಮೇಲೆ ಅನುಪಾತವೇ ಉಳಿಯದಿರುವುದರಿಂದ, ಸಂಸ್ಕರಣೆಯಲ್ಲಿ ಸ್ಯಾಚುರೇಷನ್ ಅನ್ನು ಎಷ್ಟು ಎಳೆದರೂ ನಕ್ಷತ್ರದ ಅಂಚಿಗೊಂದು ಬಣ್ಣದ ಉಂಗುರ ಸಿಗುತ್ತದೆಯೇ ಹೊರತು ನಡುವಿನ ಬಿಳುಪು ಹೋಗುವುದಿಲ್ಲ. ಸುಮಾರು 7,500 ಜ್ಯೋತಿರ್ವರ್ಷ ದೂರದ ಜೋಡಿ ಗುಚ್ಛದ ಸೊಗಸಿರುವುದೇ ನೀಲಿ-ಬಿಳಿ ನಕ್ಷತ್ರಗಳ ನಡುವೆ ಚೆದುರಿದ ಕೆಲವು ಕೆಂಪು ಮಹಾದೈತ್ಯಗಳಲ್ಲಿ. ನೀವು ಕಳೆದುಕೊಂಡಿರುವುದು ಅವನ್ನೇ.

ಹಿಸ್ಟೋಗ್ರಾಮಿನ (ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಎಂದು ತೋರಿಸುವ ನಕ್ಷೆಯ) ಶಿಖರ ಎಡದಿಂದ ಮೂರನೇ ಒಂದು ಭಾಗದಲ್ಲಿದ್ದರೆ ಎಕ್ಸ್‌ಪೋಷರ್ ಸರಿ ಎಂಬ ಸೂತ್ರವನ್ನು ನೀವೂ ನಂಬಿರಬಹುದು. ಆ ಶಿಖರ ಹಿನ್ನೆಲೆಯ ಆಕಾಶದ್ದು. ನಕ್ಷತ್ರಗಳು ಆವರಿಸುವ ಪಿಕ್ಸೆಲ್‌ಗಳು ಅದೆಷ್ಟು ಕಡಿಮೆಯೆಂದರೆ, ಅವು ಪೂರ್ತಿ ಸುಟ್ಟುಹೋದರೂ ಹಿಸ್ಟೋಗ್ರಾಮಿನಲ್ಲಿ ಕಣ್ಣಿಗೆ ಬೀಳುವಂಥ ಬದಲಾವಣೆ ಆಗುವುದಿಲ್ಲ. ಆದ್ದರಿಂದ ಒಂದು ಪರೀಕ್ಷಾರ್ಥ ರಾ (ಸಂಸ್ಕರಿಸದ) ಚಿತ್ರ ತೆಗೆದು, ಗುಚ್ಛದ ಪ್ರಕಾಶಮಾನ ಸದಸ್ಯರ ಕೇಂದ್ರದ ಪಿಕ್ಸೆಲ್ ಮೌಲ್ಯಗಳನ್ನು ಓದಿ. 14 ಬಿಟ್ ಕ್ಯಾಮೆರಾದಲ್ಲಿ ಮಟ್ಟಗಳು 16,384. ಆ ಮೌಲ್ಯ ಮೇಲಿನ ಅಂಚನ್ನು ತಲುಪಿದ್ದರೆ ಅವಧಿಯನ್ನು ಅರ್ಧಕ್ಕಿಳಿಸಿ, ಮತ್ತೆ ನೋಡಿ. ಐಎಸ್ಒ (ಕ್ಯಾಮೆರಾದ ಸಂವೇದನೆಯ ಮಟ್ಟ) ಏರಿಸಿದರೆ ಅಂಚು ಇನ್ನೂ ಬೇಗ ಬರುತ್ತದೆ ಎಂಬುದನ್ನೂ ಗಮನದಲ್ಲಿಡಿ.

ಅವಧಿ ಕಡಿಮೆಯಾದರೆ ಮಂಕು ನಕ್ಷತ್ರಗಳು ತಪ್ಪಿಹೋಗುತ್ತವೆ ಎಂಬ ಭಯ ಬೇಡ. ಆಕಾಶದ ಹಿನ್ನೆಲೆಯಿಂದ ಬರುವ ಗೊಂದಲವು (ನಾಯ್ಸ್) ಕ್ಯಾಮೆರಾದ ಓದು-ಗೊಂದಲವನ್ನು (ಸಂವೇದಕವನ್ನು ಓದುವಾಗ ಸೇರುವ ನಾಯ್ಸ್) ಸಾಕಷ್ಟು ಮೀರಿದ ಮೇಲೆ, ಒಂದೇ ಚಿತ್ರವನ್ನು ಉದ್ದಕ್ಕೆಳೆಯುವುದರಿಂದ ಹೆಚ್ಚೇನೂ ಸಿಗದು. ಆಳವನ್ನು ನಿರ್ಧರಿಸುವುದು ಒಟ್ಟು ಅವಧಿ. ಒಂದು ಗಂಟೆಯ ಬೆಳಕನ್ನು 20 ಚಿತ್ರಗಳ ಬದಲು 120 ಚಿತ್ರಗಳಲ್ಲಿ ಸಂಗ್ರಹಿಸಿ ಸ್ಟ್ಯಾಕ್ ಮಾಡಿದರೆ (ಒಂದರ ಮೇಲೊಂದು ಜೋಡಿಸಿ ಒಂದಾಗಿಸಿದರೆ) ಹೆಚ್ಚಿನ ಹೊರೆ ಬೀಳುವುದು ನಿಮ್ಮ ಹಾರ್ಡ್ ಡಿಸ್ಕ್ ಮೇಲೆ.

ಎಲ್ಲ ಗುಚ್ಛಗಳಿಗೂ ಒಂದೇ ಅವಧಿ ಹೇಳಿ ಎಂದು ಮಾತ್ರ ಕೇಳಬೇಡಿ. ಎಂ67 ಎಂಬ ಗುಚ್ಛದ ಬಹುತೇಕ ಸದಸ್ಯರು ಹತ್ತನೆಯ ಕಾಂತಿಮಾನಕ್ಕಿಂತ (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಮಂಕಾಗಿರುವುದರಿಂದ ಅಲ್ಲಿ ದೀರ್ಘ ಎಕ್ಸ್‌ಪೋಷರ್ ನಡೆಯುತ್ತದೆ. ಕೃತ್ತಿಕೆಯಲ್ಲಿ ಅತಿ ಪ್ರಕಾಶಮಾನ ನಕ್ಷತ್ರವಾದ ಆಲ್ಸಯೋನಿಯ ಕಾಂತಿಮಾನ ಸುಮಾರು 2.9, ಹತ್ತನೆಯ ಕಾಂತಿಮಾನದ ಸದಸ್ಯನಿಗಿಂತ ಅದು ಸುಮಾರು 700 ಪಟ್ಟು ಪ್ರಕಾಶಮಾನ. ಅಲ್ಲಿ ಧೂಳಿನ ಮಬ್ಬಿಗೊಂದು, ನಕ್ಷತ್ರಗಳಿಗೊಂದು ಎಂದು ಎರಡು ಸರಣಿಗಳನ್ನು ತೆಗೆದು ಬೆರೆಸುವುದೇ ದಾರಿ.

ಉಬ್ಬರಕ್ಕೆ ಇನ್ನೊಂದು ಕಾರಣ ಸಂಸ್ಕರಣೆ. ನಿಮ್ಮ ದೂರದರ್ಶಕದಲ್ಲಿ ನಕ್ಷತ್ರಕ್ಕೆ ಬಿಂಬದ ಗಾತ್ರ ಎಂಬುದು ನಿಜಕ್ಕೂ ಇಲ್ಲ. ವಾತಾವರಣವೂ ವಿವರ್ತನೆಯೂ (ಅಂಚುಗಳನ್ನು ದಾಟುವಾಗ ಬೆಳಕು ಬಾಗಿ ಹರಡುವುದು) ಸೇರಿ ಹರಡಿದ ಬೆಳಕಿನ ಎಷ್ಟು ಭಾಗ ಕಣ್ಣಿಗೆ ಕಾಣುವ ಮಟ್ಟಕ್ಕೆ ಬಂತು ಎಂಬುದೇ ಅದರ ಗಾತ್ರ. ಕರ್ವ್ಸ್ (ಹೊಳಪನ್ನು ಹೊಂದಿಸುವ ಸಾಧನ) ಹಿಡಿದು ಚಿತ್ರವನ್ನು ನಿರ್ದಯವಾಗಿ ಎಳೆದಾಗ ಆ ಮಸುಕು ಅಂಚುಗಳೆಲ್ಲ ಮೇಲೆದ್ದು ಬರುತ್ತವೆ. ಖಗೋಳಶಾಸ್ತ್ರಜ್ಞ ರಾಬರ್ಟ್ ಲಪ್ಟನ್ ಮತ್ತು ಸಂಗಡಿಗರು 2004ರಲ್ಲಿ ವಿವರಿಸಿದ ಆರ್ಕ್‌ಸೈನ್‌ಎಚ್ ವಿಧಾನವು ಮೂರು ಬಣ್ಣಗಳ ಅನುಪಾತವನ್ನು ಕಾಯ್ದುಕೊಂಡೇ ಹೊಳಪನ್ನು ಏರಿಸುತ್ತದೆ. ಹಲವು ಸಂಸ್ಕರಣಾ ತಂತ್ರಾಂಶಗಳಲ್ಲಿ ಅದು ಲಭ್ಯವಿದೆ. ಅದನ್ನು ಬಳಸಿ, ಅದನ್ನೂ ಮಿತವಾಗಿ. ಗುಚ್ಛದ ಹಿಂದಿನ ಆಕಾಶ ಕತ್ತಲಾಗಿಯೇ ಇರಲಿ.

ಪ್ರಶ್ನೆ: ಬೆಳಕಿನ ಮಾಲಿನ್ಯವನ್ನು ಪೂರ್ತಿ ಅಳಿಸುತ್ತದೆಂದು ಹೇಳಿ ಮಾರುವ ಫಿಲ್ಟರ್ ಕೊಳ್ಳಲೇ?

ಉತ್ತರ: ನೀಹಾರಿಕೆಗಳು ಕೆಲವೇ ತರಂಗಾಂತರಗಳಲ್ಲಿ ಹೊಳೆಯುವುದರಿಂದ ಅಲ್ಲಿ ಆ ತರಂಗಾಂತರಗಳನ್ನು ಮಾತ್ರ ಬಿಡುವ ಕಿರುಪಟ್ಟಿ ಫಿಲ್ಟರ್ ನೆರವಾಗುತ್ತದೆ. ನಕ್ಷತ್ರಗಳ ಬೆಳಕು ವರ್ಣಪಟಲದ ಉದ್ದಕ್ಕೂ ಹರಡಿರುತ್ತದೆ. ಫಿಲ್ಟರ್ ಮಾಲಿನ್ಯದ ಜೊತೆಗೆ ನಿಮ್ಮ ವಸ್ತುವನ್ನೂ ಕತ್ತರಿಸಿ, ಬಣ್ಣವನ್ನು ಕೆಡಿಸುತ್ತದೆ. ಇದನ್ನು ತಿಳಿದೂ ಗುಚ್ಛಗಳಿಗೆಂದು ಅದನ್ನು ಮಾರುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ, ನೀವೂ ಕೊಡಬೇಡಿ.

ಪ್ರಶ್ನೆ: ಕೃತ್ತಿಕೆಯ ನೀಲಿ ಮಬ್ಬು ಆ ನಕ್ಷತ್ರಗಳು ಹುಟ್ಟಿದ ಮೋಡದ ಶೇಷವಲ್ಲವೆ?

ಉತ್ತರ: ಅಲ್ಲ. ಗುಚ್ಛದ ವಯಸ್ಸು ಸುಮಾರು 10 ಕೋಟಿ ವರ್ಷ. ಈಗ ಅದು ತನಗೆ ಸಂಬಂಧವಿಲ್ಲದ ಧೂಳಿನ ಮೂಲಕ ಹಾದುಹೋಗುತ್ತಿದೆ.

ಪ್ರಶ್ನೆ: ಗುಚ್ಛದ ಒಂದು ನಕ್ಷತ್ರಕ್ಕೆ ಮಗಳ ಹೆಸರಿಟ್ಟು ಪ್ರಮಾಣಪತ್ರ ಕೊಡುತ್ತಾರಂತೆ, ನಿಜವೇ?

ಉತ್ತರ: ಪ್ರಮಾಣಪತ್ರ ಕೊಡುವುದು ನಿಜ, ಆದರೆ ಖಗೋಳಶಾಸ್ತ್ರದಲ್ಲಿ ಅದಕ್ಕೆ ಬೆಲೆಯಿಲ್ಲ, ನಕ್ಷತ್ರಗಳ ಹೆಸರುಗಳಿಗೆ ಮನ್ನಣೆ ನೀಡುವ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹೆಸರುಗಳನ್ನು ಮಾರುವುದಿಲ್ಲ.

ಪ್ರಶ್ನೆ: ನಕ್ಷತ್ರಗಳಿಗೆ ನಾಲ್ಕು ಮೂಲೆಯ ಕಿರಣಗಳನ್ನು ಸೇರಿಸುವ ತಂತ್ರಾಂಶ ಯಾವುದು?

ಉತ್ತರ: ಆ ಕಿರಣಗಳು ದರ್ಪಣ ದೂರದರ್ಶಕದ ಉಪದರ್ಪಣವನ್ನು ಹಿಡಿದಿರುವ ಪಟ್ಟಿಗಳಿಂದಾಗುವ ವಿವರ್ತನೆಯ ಫಲ. ಮಸೂರದ ದೂರದರ್ಶಕದಲ್ಲಿ ತೆಗೆದ ಚಿತ್ರಕ್ಕೆ ಅವನ್ನು ಅಂಟಿಸಲು ನನ್ನ ನೆರವು ಸಿಗದು.

ಪ್ರಶ್ನೆ: ಹುಣ್ಣಿಮೆಯ ಆಸುಪಾಸಿನಲ್ಲಿ ಚಿತ್ರ ತೆಗೆಯಬಹುದೆ?

ಉತ್ತರ: ಪ್ರಕಾಶಮಾನ ಗುಚ್ಛಗಳಾದರೆ ತೆಗೆಯಬಹುದು, ಚಂದ್ರನಿಂದ ದೂರವಿರುವುದನ್ನು ಆರಿಸಿಕೊಳ್ಳಿ, ಕೃತ್ತಿಕೆಯ ಮಬ್ಬನ್ನು ಮಾತ್ರ ಆ ದಿನಗಳಲ್ಲಿ ಮರೆತುಬಿಡಿ.