ಮೈಸೂರಿನಲ್ಲಿ ರೋಯಿಂಗ್ ಕ್ಲಬ್ ಶುರು ಮಾಡೋದಾದರೆ ಮೊದಲ ದೋಣಿ ಯಾವುದು ತಗೋಬೇಕು?

ನೀವು ಕೇಳಿರುವ ಆ ಸೆಕೆಂಡ್ ಹ್ಯಾಂಡ್ ಸಿಂಗಲ್ ಸ್ಕಲ್ (ಒಬ್ಬರೇ ಕೂತು ಎರಡು ಹುಟ್ಟು ಹಾಕುವ ರೇಸಿಂಗ್ ದೋಣಿ) ತಗೋಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ.

ಹತ್ತು ಹನ್ನೆರಡು ಜನ ಸೇರಿದ್ದೀರಿ, ಎಲ್ಲರೂ ಹೊಸಬರು, ಕೆ.ಆರ್.ಎಸ್. ಹಿನ್ನೀರು ಇಲ್ಲವೇ ವರುಣಾ ಕೆರೆ ಮನಸ್ಸಿನಲ್ಲಿದೆ, ಹಳೇ ಕ್ಲಬ್‌ಗಳು ಹೇಗೆ ನಿಂತವು ಅಂತಲೂ ಗೊತ್ತಾಗಬೇಕು ಅಂತ ಬರೆದಿದ್ದೀರಿ. ರೇಸಿಂಗ್ ಸಿಂಗಲ್ ಅಂದರೆ ಸುಮಾರು 8 ಮೀಟರ್ ಉದ್ದ, ನೀರು ತಾಗುವ ಕಡೆ ಒಂದಡಿಗಿಂತ ಕಡಿಮೆ ಅಗಲ, ತೂಕ 14 ಕೆಜಿ ಆಸುಪಾಸು. ಅದು ತನ್ನಷ್ಟಕ್ಕೆ ನೆಟ್ಟಗೆ ನಿಲ್ಲೋದೇ ಇಲ್ಲ. ಎರಡೂ ಹುಟ್ಟುಗಳು ನೀರಿನ ಮೇಲೆ ಮಲಗಿದ್ದರಷ್ಟೇ ಸಮತೋಲ. ಹಿಡಿಗಳನ್ನು ಒಂದು ಕ್ಷಣ ಬಿಟ್ಟರೆ ಮಗುಚುತ್ತೆ. ಹೊಸಬರ ಕ್ಲಬ್‌ನಲ್ಲಿ ಅದು ಒಂದು ತಿಂಗಳು ನೀರಿಗಿಳಿಯುತ್ತೆ, ಆಮೇಲೆ ರಿಗ್ಗರ್ (ಹುಟ್ಟನ್ನು ಆನಿಸಲು ದೋಣಿಯ ಪಕ್ಕಕ್ಕೆ ಚಾಚಿರುವ ಚೌಕಟ್ಟು) ಬಗ್ಗಿ ಶೆಡ್‌ನಲ್ಲಿ ಧೂಳು ಹಿಡಿಯುತ್ತೆ.

ಹಳೇ ಕ್ಲಬ್‌ಗಳ ವಿಷಯಕ್ಕೆ ಬಂದರೆ, ಕಲ್ಕತ್ತಾ ರೋಯಿಂಗ್ ಕ್ಲಬ್ 1858ರದ್ದು, ಮದ್ರಾಸ್ ಬೋಟ್ ಕ್ಲಬ್ 1867, ಪುಣೆಯ ರಾಯಲ್ ಕನಾಟ್ ಬೋಟ್ ಕ್ಲಬ್ 1868. ಮೂರನ್ನೂ ಕಟ್ಟಿದವರು ಆ ಕಾಲದ ಬಿಳಿಯ ಅಧಿಕಾರಿಗಳು, ವ್ಯಾಪಾರಿಗಳು. ಆದರೆ ಅವು ಇಷ್ಟು ವರ್ಷ ಉಳಿದದ್ದು ದುಡ್ಡಿನಿಂದ ಮಾತ್ರ ಅಲ್ಲ ಅನ್ನೋದು ನನ್ನ ಅನಿಸಿಕೆ. ಕಲ್ಕತ್ತಾದವರು ಹೂಗ್ಲಿಯ ಉಬ್ಬರ-ಇಳಿತ ಬಿಟ್ಟು ಈಗಿನ ರವೀಂದ್ರ ಸರೋವರದ ನಿಂತ ನೀರಿಗೆ ಬಂದರು. ಮದ್ರಾಸಿನವರು ಅಡ್ಯಾರ್ ನದಿಯ ದಡ ಬಿಡಲಿಲ್ಲ, ಜೊತೆಗೆ ಕೊಲಂಬೋ ಕ್ಲಬ್ ಜತೆ 1898ರಲ್ಲೇ ಪಂದ್ಯ ಶುರು ಮಾಡಿಕೊಂಡರು. ಒಳ್ಳೇ ನೀರು, ಪ್ರತಿ ವರ್ಷ ಎದುರು ನೋಡೋಕೆ ಒಂದು ಪಂದ್ಯ, ಇವೆರಡು ಇದ್ದರೆ ಕ್ಲಬ್ ಉಸಿರಾಡುತ್ತೆ. ಇನ್ನು ಪದಕಗಳು ಬಂದದ್ದು ಬಹುಪಾಲು ಸೇನೆಯಿಂದ: 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸಿಂಗಲ್ ಸ್ಕಲ್ಸ್ ಚಿನ್ನ ಗೆದ್ದ ಬಜರಂಗ್ ಲಾಲ್ ತಾಖರ್ ಸೈನಿಕರು, 2018ರ ಜಕಾರ್ತಾ-ಪಾಲೆಂಬಾಂಗ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ವರ ಸ್ಕಲ್ಸ್ ಗೆದ್ದ ತಂಡವೂ ಸೇನೆಯದ್ದೇ. ನಮ್ಮ ಕಡೆ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹುಟ್ಟು ಹಾಕುವವರು ಕಂಡರೆ ಅವರು ಹೆಚ್ಚಾಗಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು.

ಈಗ ನಿಮ್ಮ ನೀರು. ಕುಕ್ಕರಹಳ್ಳಿ, ಲಿಂಗಾಂಬುಧಿ, ಕಾರಂಜಿ ಇವು ಹಕ್ಕಿಗಳ ಜಾಗ, ಕೇಳಲೂ ಹೋಗಬೇಡಿ. ಶ್ರೀರಂಗಪಟ್ಟಣದ ಹೊಳೆ ನೋಡೋಕೆ ಚೆಂದ, ಆದರೆ ಬಂಡೆ, ಕಟ್ಟೆ, ಸೆಳೆತ. ಹರಿಗೋಲು ಅಲ್ಲಿ ಬದುಕುತ್ತೆ, ತೆಳು ಚಿಪ್ಪಿನ ದೋಣಿ ಬದುಕಲ್ಲ. ವರುಣಾ ಕೆರೆ ಕಲಿಯೋಕೆ ಸಾಕು. ಉದ್ದಕ್ಕೆ ಹಿನ್ನೀರೇ ಬೇಕು. ಅಲ್ಲಿ ಎರಡು ತಾಪತ್ರಯ. ಒಂದು ಗಾಳಿ: ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎದ್ದರೆ ಅಗಲವಾದ ನೀರಿನ ಮೇಲೆ ಅಲೆ ಕಟ್ಟುತ್ತೆ, ರೇಸಿಂಗ್ ದೋಣಿಯ ಅಂಚು ನೀರಿನಿಂದ ಗೇಣುದ್ದವೂ ಮೇಲಿರಲ್ಲ, ಒಳಗೆ ನೀರು ತುಂಬುತ್ತೆ. ಬೆಳಿಗ್ಗೆ ಆರರಿಂದ ಎಂಟೂವರೆಯೊಳಗೆ ಮುಗಿಸಿ ದಡ ಸೇರೋದು ಜಾಣತನ. ಇನ್ನೊಂದು ಮಟ್ಟ: ಕಟ್ಟೆ 124.80 ಅಡಿ ತುಂಬಿದಾಗ ಕಾಲ್ನಡಿಗೆಯಲ್ಲಿ ಸಿಗುವ ನೀರು ಏಪ್ರಿಲ್-ಮೇ ಹೊತ್ತಿಗೆ ಕೆಸರು ದಾಟಿ ಎಲ್ಲೋ ದೂರ ಹೋಗಿರುತ್ತೆ. ಅದಕ್ಕೇ ಕಾಂಕ್ರೀಟ್ ಮೆಟ್ಟಿಲು ಕಟ್ಟಬೇಡಿ. ಪ್ಲಾಸ್ಟಿಕ್ ಘನಗಳನ್ನು ಜೋಡಿಸುವ ತೇಲು ಜಟ್ಟಿ (ದೋಣಿ ಹತ್ತಿ ಇಳಿಯುವ ವೇದಿಕೆ) ತನ್ನಿ, ಅದರ ಮೇಲ್ಮೈ ನೀರಿನಿಂದ 15 ಸೆಂ.ಮೀ. ಮೀರದಿರಲಿ. ಎತ್ತರದ ಜಟ್ಟಿಯಾದರೆ ರಿಗ್ಗರ್ ಅದರ ಕೆಳಗೆ ಸಿಕ್ಕಿಕೊಳ್ಳುತ್ತೆ.

ಕೆ.ಆರ್.ಎಸ್.ಗೆ ಕಾವೇರಿ ನೀರಾವರಿ ನಿಗಮದ ಲಿಖಿತ ಅನುಮತಿ ಬೇಕು, ಅಣೆಕಟ್ಟೆಯ ಹತ್ತಿರ ಹೇಗೂ ಬಿಡಲ್ಲ. ಕಾಗದಕ್ಕಿಂತ ಮುಖ್ಯ, ಮೀನುಗಾರರ ಜತೆ ಮಾತಾಡಿ. ಬಲೆ ಎಲ್ಲಿ ಬಿಟ್ಟಿದ್ದಾರೆ ಅನ್ನೋದು ಅವರಿಗೆ ಮಾತ್ರ ಗೊತ್ತು. ದೋಣಿಯ ತಳದ ರೆಕ್ಕೆ ಬಲೆಗೆ ಸಿಕ್ಕರೆ ಬಲೆಯೂ ಹಾಳು, ಸ್ನೇಹವೂ ಹಾಳು. ರೋಯಿಂಗ್‌ನಲ್ಲಿ ನೀವು ಹಿಂದಕ್ಕೆ ಮುಖಮಾಡಿ ಕೂತಿರುತ್ತೀರಿ, ಮುಂದಿರುವ ಹರಿಗೋಲು ಕಾಣಲ್ಲ. ಐದಾರು ಹುಟ್ಟಿಗೊಮ್ಮೆ ಕತ್ತು ತಿರುಗಿಸಿ ನೋಡಲೇಬೇಕು, ಹೋಗುವ ಬರುವ ಪಥ ಬೇರೆ ಬೇರೆ ಇರಲೇಬೇಕು. ದೋಣಿ ಮೂತಿಯಲ್ಲಿ ಬಿಳಿ ರಬ್ಬರ್ ಚೆಂಡು ಇರೋದು ಅಂದಕ್ಕಲ್ಲ, ಗುದ್ದಿದಾಗ ಯಾರ ಬೆನ್ನಿಗೂ ಚುಚ್ಚದಿರಲಿ ಅಂತ.

ಹಾಗಾದರೆ ಯಾವ ದೋಣಿ? ಕೋಸ್ಟಲ್ ಡಬಲ್. ಸಮುದ್ರದ ರೋಯಿಂಗ್‌ಗೆ ಮಾಡಿದ ಇಬ್ಬರ ದೋಣಿ, ನಿಯಮದ ಪ್ರಕಾರ ಗರಿಷ್ಠ 7.5 ಮೀಟರ್ ಉದ್ದ, ಕನಿಷ್ಠ 60 ಕೆಜಿ. ಅಗಲ ಜಾಸ್ತಿ, ಒಳಗೆ ಬಂದ ನೀರು ಹಿಂದಿನಿಂದ ತಾನೇ ಹೊರಗೆ ಹೋಗುತ್ತೆ. ಆದರೆ ಜಾರುವ ಸೀಟು, ರಿಗ್ಗರ್, ಹುಟ್ಟು ಎಲ್ಲ ಅದೇ ರೀತಿ, ಹಾಗಾಗಿ ಕಲಿತದ್ದು ವ್ಯರ್ಥ ಆಗಲ್ಲ. ಒಬ್ಬ ಬಲ್ಲವನ ಜತೆ ಒಬ್ಬ ಹೊಸಬನನ್ನು ಕೂರಿಸಬಹುದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬೀಚ್ ಸ್ಪ್ರಿಂಟ್ (ಕಡಲತೀರದ ಕಿರು ರೋಯಿಂಗ್ ಪಂದ್ಯ) ಬರುತ್ತಿದೆ, ಈ ದೋಣಿಗಳೇ ಅಲ್ಲಿ ಓಡೋದು. ಹುಡುಗರಿಗೆ ಅದನ್ನು ಹೇಳಿ, ಇದು ಕಳಪೆ ದೋಣಿ ಅನ್ನೋ ಗೊಣಗಾಟ ನಿಲ್ಲುತ್ತೆ.

ದೋಣಿ ಬರುವ ಮೊದಲೇ ಒಂದು ರೋಯಿಂಗ್ ಮಷೀನ್ ತನ್ನಿ. ಪಕ್ಕದ ಲಿವರ್ ಹತ್ತಕ್ಕೆ ಏರಿಸಿ ಎಳೆಯೋದು ಜಿಮ್ ಹುಡುಗರ ಚಟ, ಸೊಂಟ ಹಿಡಿಯೋದು ಅಲ್ಲೇ. ಡ್ರ್ಯಾಗ್ ಫ್ಯಾಕ್ಟರ್ (ಎಳೆತಕ್ಕೆ ಎಷ್ಟು ತಡೆ ಅಂತ ಮಷೀನ್ ತೋರಿಸುವ ಅಂಕಿ) 110ರಿಂದ 120 ಸಾಕು, ನಿಮಿಷಕ್ಕೆ 18-20 ಹುಟ್ಟು. ಎಳೆಯುವಾಗ ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು, ಕೊನೆಗೆ ಕೈ. ವಾಪಸ್ ಬರುವಾಗ ಉಲ್ಟಾ: ಕೈ, ಬೆನ್ನು, ಕಾಲು. ಎಳೆತಕ್ಕೆ ಒಂದು ಪಾಲು ಸಮಯ, ವಾಪಸಿಗೆ ಎರಡು ಪಾಲು. ಅವಸರದಲ್ಲಿ ಸೀಟನ್ನು ರಪ್ಪಂತ ಜಾರಿಸಿದರೆ ನಿಮ್ಮ ತೂಕವೇ ದೋಣಿಗೆ ಬ್ರೇಕು.

ನೀರಿನ ಮೇಲೆ ಎಲ್ಲರಿಗೂ ಆಗುವ ಅನಾಹುತ ಒಂದಿದೆ. ಎಳೆತದ ಕೊನೆಯಲ್ಲಿ ಹುಟ್ಟಿನ ಅಲಗು ಇನ್ನೂ ನೀರೊಳಗೆ ಇರುವಾಗಲೇ ಮಣಿಕಟ್ಟು ತಿರುಗಿಸಿ ಅದನ್ನು ಅಡ್ಡ ಮಲಗಿಸಿಬಿಡ್ತಾರೆ. ದೋಣಿ ಮುಂದೆ ಓಡುತ್ತಿರುತ್ತೆ, ನೀರು ಅಲಗನ್ನು ಆಳಕ್ಕೆ ಸೆಳೆಯುತ್ತೆ, ಹಿಡಿ ಹೊಟ್ಟೆಗೆ ಬಂದು ಗುದ್ದುತ್ತೆ. ಜೋರಿದ್ದರೆ ಆಳೇ ನೀರಿಗೆ. ಮೊದಲು ಹಿಡಿಯನ್ನು ಕೆಳಗೆ ಒತ್ತಿ ಅಲಗು ಪೂರ್ತಿ ಹೊರಗೆ ಬರಲಿ, ಆಮೇಲೆ ತಿರುಗಿಸಿ. ಇದನ್ನು ಹೇಳಿಕೊಟ್ಟಮೇಲೂ ಆಗುತ್ತಿದ್ದರೆ ಹುಡುಗನನ್ನು ಬೈಯಬೇಡಿ, ರಿಗ್ ನೋಡಿ: ಗೇಟ್ (ರಿಗ್ಗರ್ ತುದಿಯಲ್ಲಿ ಹುಟ್ಟು ಕೂರುವ ಕೊಂಡಿ) ಸೀಟಿಗಿಂತ 16-18 ಸೆಂ.ಮೀ. ಎತ್ತರ ಇರಬೇಕು, ತಗ್ಗಾಗಿದ್ದರೆ ಹಿಡಿ ತೊಡೆಗೆ ತಾಗಿ ಅಲಗು ಎತ್ತೋಕೇ ಆಗಲ್ಲ. ಹಿಡಿಗಳು ನಡುವೆ ಒಂದರ ಮೇಲೊಂದು 18-20 ಸೆಂ.ಮೀ. ಹಾಯಬೇಕು, ಎಡಗೈ ಮೇಲೆ. ಅದಕ್ಕಾಗಿ ಎಡಗೈ ಹುಟ್ಟಿನ ಗೇಟನ್ನು ಒಂದು ಸೆಂ.ಮೀ. ಎತ್ತರಿಸ್ತಾರೆ. ಇದನ್ನೆಲ್ಲ ಸರಿಮಾಡೋಕೆ 10 ಮತ್ತು 13ರ ಸ್ಪ್ಯಾನರ್, ಒಂದು ಟೇಪು ಸಾಕು.

ಇನ್ನು ಜೀವದ ಮಾತು. 2022ರ ಮೇನಲ್ಲಿ ರವೀಂದ್ರ ಸರೋವರದಲ್ಲಿ ಅಭ್ಯಾಸದ ವೇಳೆ ಬಿರುಗಾಳಿ ಬಂದು ದೋಣಿ ಮಗುಚಿ ಇಬ್ಬರು ಶಾಲಾ ಹುಡುಗರು ತೀರಿಹೋದರು. ನೂರೈವತ್ತು ವರ್ಷ ದಾಟಿದ ಕ್ಲಬ್ ಇರುವ ಕೆರೆ ಅದು. ನಮ್ಮಲ್ಲೂ ಏಪ್ರಿಲ್-ಮೇ ಸಂಜೆ ಗುಡುಗು ಮಳೆ ಹತ್ತೇ ನಿಮಿಷದಲ್ಲಿ ಕವಿಯುತ್ತೆ, ಆ ಎರಡು ತಿಂಗಳು ಸಂಜೆ ಅಭ್ಯಾಸ ಬೇಡವೇ ಬೇಡ. ಮೋಟಾರು ದೋಣಿಯಲ್ಲಿ ಒಬ್ಬರು ಹಿಂಬಾಲಿಸದೆ ಯಾರೂ ನೀರಿಗಿಳಿಯಬಾರದು, ಎರಡಕ್ಕೂ ದುಡ್ಡು ಸಾಲದಿದ್ದರೆ ಮಷೀನ್‌ಗೆ ಇಟ್ಟದ್ದು ಮೊದಲು ಇದಕ್ಕೆ ಹೋಗಲಿ. ಬಟ್ಟೆ ಸಮೇತ 100 ಮೀಟರ್ ಈಜಿ, ಆಮೇಲೆ ಮೂರು ನಿಮಿಷ ನಿಂತಲ್ಲೇ ತೇಲಿ ತೋರಿಸದವರಿಗೆ ಸೀಟಿಲ್ಲ. ಪ್ರತಿ ಸಲ ಹೊರಡುವ ಮುಂಚೆ ದೋಣಿಯಲ್ಲೇ ಬಿಗಿದಿರುವ ಶೂನ ಹಿಮ್ಮಡಿಗೆ ಕಟ್ಟಿದ ದಾರ ಎಳೆದು ನೋಡಿ: ಹಿಮ್ಮಡಿ 7 ಸೆಂ.ಮೀ.ಗಿಂತ ಮೇಲೇಳಬಾರದು. ಮಗುಚಿದಾಗ ಕಾಲು ತಾನಾಗಿ ಕಳಚಿಕೊಳ್ಳೋದು ಆ ದಾರದಿಂದ. ಹರಿದಿದ್ದರೆ ಚಪ್ಪಲಿ ಹೊಲಿಯುವ ನೂಲಲ್ಲಾದರೂ ಕಟ್ಟಿ, ಹಾಗೇ ಹೋಗಬೇಡಿ. ಮಗುಚಿದರೆ ದೋಣಿ ಬಿಟ್ಟು ಈಜೋದಲ್ಲ, ದೋಣಿಯನ್ನೇ ತಬ್ಬಿಕೊಂಡಿರೋದು.

ಶೆಡ್ ವಿಷಯ ಚಿಕ್ಕದು. ತಗಡಿನ ಮಾಡಿನ ಬಿಸಿಗೆ ದೋಣಿಯೊಳಗಿನ ಗಾಳಿ ಉಬ್ಬಿ ಜೋಡಣೆ ಬಿರಿಯುತ್ತೆ, ಆದ್ದರಿಂದ ಒಳಗಿಟ್ಟಾಗ ಗಾಳಿಕೋಣೆಗಳ ಮುಚ್ಚಳ ತೆಗೆದಿಡಿ, ನೀರಿಗಿಳಿಸುವ ಮುಂಚೆ ಮರೆಯದೆ ಹಾಕಿ. ಬಾಗಿಲ ಮೇಲೇ ಬರೆದು ಅಂಟಿಸಿ.

ಪಂದ್ಯಕ್ಕೆ 2000 ಮೀಟರ್ ಈಗಲೇ ಯೋಚಿಸಬೇಡಿ. ರಾಷ್ಟ್ರೀಯ ಮಟ್ಟದಲ್ಲಿ 500 ಮೀಟರ್ ಸ್ಪ್ರಿಂಟ್ ಸ್ಪರ್ಧೆಗಳೂ ನಡೆಯುತ್ತವೆ, ಅದಕ್ಕೆ ತಯಾರಾಗೋಕೆ ನಿಲ್ಲುವ ಜಾಗವೂ ಸೇರಿ 700-800 ಮೀಟರ್ ನೇರ ನೀರಿದ್ದರೆ ಆಯಿತು. ಸಂಘ ನೋಂದಣಿ ಮಾಡಿಸಿ, ರಾಜ್ಯ ರೋಯಿಂಗ್ ಸಂಸ್ಥೆಯ ಮಾನ್ಯತೆ ಕೇಳಿ; ಅದಿಲ್ಲದೆ ನಿಮ್ಮ ಹುಡುಗರು ಎಷ್ಟೇ ಓಡಿಸಿದರೂ ಹೆಸರು ಎಂಟ್ರಿ ಪಟ್ಟಿಗೆ ಹತ್ತಲ್ಲ.