ಅಲ್ಯೂಮಿನಿಯಂ ತಗಡಿನಲ್ಲಿ ಅಸಲಿಯಂಥ ವಿಮಾನದ ಮಾದರಿ ಮಾಡಲು ಆಗುತ್ತದಾ, ಹೇಗೆ?

ಆಗುತ್ತದೆ, ಆದರೆ ತಾಳ್ಮೆ ಜಾಸ್ತಿ ಬೇಕು. ಹವಾಯಿಯ ದಂತವೈದ್ಯ ಯಂಗ್ ಪಾರ್ಕ್ ಎರಡನೇ ಮಹಾಯುದ್ಧದ ಕೋರ್ಸೇರ್ ವಿಮಾನವನ್ನು 1:16 ಅಳತೆಯಲ್ಲಿ ಅಲ್ಯೂಮಿನಿಯಂನಲ್ಲೇ ಮಾಡಿದ್ದಾರೆ. ಹಲ್ಲು ಕೊರೆಯುವ ಕೈಗೆ ಇದು ಒಪ್ಪುವ ಕೆಲಸವೇ, ಅಲ್ವಾ?

ಮೊದಲು ಲೆಕ್ಕ. ಅಸಲಿ ಕೋರ್ಸೇರ್‌ನ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 12.5 ಮೀಟರ್, 1:16ರಲ್ಲಿ 78 ಸೆಂ.ಮೀ. ಅಸಲಿಯಲ್ಲಿ 1 ಮಿ.ಮೀ. ದಪ್ಪವಿರುವ ಹೊರತಗಡು ಇಲ್ಲಿ 0.06 ಮಿ.ಮೀ. ಆಗಬೇಕು. ಅಷ್ಟು ತೆಳು ತಗಡು ಮುಟ್ಟಿದರೆ ಮುದುಡುತ್ತದೆ. ಹಾಗಾಗಿ ಸ್ವಲ್ಪ ದಪ್ಪದ್ದನ್ನೇ ಬಳಸಿ, ಅಂಚನ್ನು ಮಾತ್ರ ಉಜ್ಜಿ ತೆಳು ಮಾಡುತ್ತಾರೆ.

ನಿಜವಾದ ಕಷ್ಟ ಮೂತಿಯಂಥ ಗುಂಡನೆ ಭಾಗದಲ್ಲಿ. ತಗಡನ್ನು ಮರದ ಅಚ್ಚಿನ ಮೇಲಿಟ್ಟು ತಟ್ಟಬೇಕು. ತಟ್ಟಿದಷ್ಟೂ ಅದು ಗಡುಸಾಗಿ ಕೊನೆಗೆ ಸೀಳುತ್ತದೆ. ಅದಕ್ಕೇ ಆಗಾಗ ಕಾಯಿಸಿ ಮೆದು ಮಾಡಬೇಕು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗುವುದಿಲ್ಲ, 660 ಡಿಗ್ರಿಗೆ ಸುಮ್ನೆ ಕರಗಿಬಿಡುತ್ತದೆ. ಉಪಾಯ ಏನೆಂದರೆ, ಕಾಯಿಸುವ ಮುಂಚೆ ತಗಡಿನ ಮೇಲೆ ಬಟ್ಟೆ ಸೋಪಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಕಪ್ಪಾದ ತಕ್ಷಣ ಉರಿ ತೆಗೆಯಿರಿ.

ಮೊದಲ ಸಲಕ್ಕೆ ಇಡೀ ವಿಮಾನ ಬೇಡ. ಬಾಲದ ಒಂದು ಚುಕ್ಕಾಣಿ ಮಾಡಿ ನೋಡಿ.