ಒಂದೇ ಆಟ, ಎರಡು ಕನ್ಸೋಲ್: ಚಿತ್ರ ಬೇರೆಯಾಗುವುದು ಎಲ್ಲಿ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದೇ ಟಿವಿಗೆ ಎರಡು ಬೇರೆ ಬೇರೆ ಕಂಪನಿಗಳ ಕನ್ಸೋಲ್‌ಗಳನ್ನು ಜೋಡಿಸಿದ್ದೇವೆ. ಒಂದು ಆಟದಲ್ಲಿ ಬರುವ ಗುಹೆಯ ದೃಶ್ಯ ನನ್ನ ಕನ್ಸೋಲಿನಲ್ಲಿ ಮಸಿ ಬಳಿದಂತೆ ಕಾಣುತ್ತದೆ. ಗೋಡೆಯ ಕಲ್ಲುಗಳು ಕಾಣುವುದೇ ಇಲ್ಲ. ತಮ್ಮನ ಕನ್ಸೋಲಿನಲ್ಲಿ ಅದೇ ಗೋಡೆಯ ಬಿರುಕುಗಳೂ ಕಾಣುತ್ತವೆ. ತನ್ನ ಯಂತ್ರಕ್ಕೆ ಟೆರಾಫ್ಲಾಪ್ ಹೆಚ್ಚು, ಅದಕ್ಕೇ ಹೀಗೆ ಎನ್ನುತ್ತಾನೆ. ಅವನ ಮಾತು ಸರಿಯೇ?

ಉತ್ತರ: ಟೆರಾಫ್ಲಾಪ್ ಎಂದರೆ ಗ್ರಾಫಿಕ್ಸ್ ಚಿಪ್ಪು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದು ಎಂಬುದರ ಅಳತೆ. ಅದು ಹೆಚ್ಚಿದ್ದರೆ ಅಂಚುಗಳು ಚೂಪಾಗಬಹುದು, ನೆರಳು ನಯವಾಗಬಹುದು. ಆದರೆ ಗೋಡೆಯೇ ಕತ್ತಲಲ್ಲಿ ಮುಳುಗಿಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವು ವಿವರಿಸಿರುವುದು ಬಹುಮಟ್ಟಿಗೆ ಸೆಟಿಂಗ್‌ನ ತೊಂದರೆ.

ಕನ್ಸೋಲ್ ಪ್ರತಿಯೊಂದು ಬಣ್ಣದ ಪ್ರಮಾಣವನ್ನು ಅಂಕಿಯಾಗಿ ಟಿವಿಗೆ ಕಳುಹಿಸುತ್ತದೆ, ಮತ್ತು ಆ ಅಂಕಿಗಳಿಗೆ ಎರಡು ಪದ್ಧತಿಗಳಿವೆ. ಕಂಪ್ಯೂಟರಿನಿಂದ ಬಂದ ಪದ್ಧತಿಯಲ್ಲಿ 0 ಎಂದರೆ ಕಪ್ಪು, 255 ಎಂದರೆ ಬಿಳಿ. ಟಿವಿ ಪ್ರಸಾರದಿಂದ ಬಂದ ಪದ್ಧತಿಯಲ್ಲಿ 16 ಎಂದರೆ ಕಪ್ಪು, 235 ಎಂದರೆ ಬಿಳಿ. ಕನ್ಸೋಲ್ ಮೊದಲನೆಯ ಪದ್ಧತಿಯಲ್ಲಿ ಕಳುಹಿಸುತ್ತಿದ್ದು ಟಿವಿ ಅದನ್ನು ಎರಡನೆಯದೆಂದು ಓದಿಕೊಂಡರೆ, 16ಕ್ಕಿಂತ ಕೆಳಗಿರುವುದೆಲ್ಲ ಒಂದೇ ಕಪ್ಪಾಗುತ್ತದೆ. ನಿಮ್ಮ ಗುಹೆಯ ಕಲ್ಲುಗಳಿದ್ದದ್ದು ಆ ಭಾಗದಲ್ಲೇ. ಇದು ತಿರುಗುಮುರುಗಾದರೆ ಕಪ್ಪು ಬೂದಿಬಣ್ಣಕ್ಕೆ ತಿರುಗಿ, ಇಡೀ ಚಿತ್ರದ ಮೇಲೆ ತೆಳುವಾದ ಮಂಜು ಕವಿದಂತೆ ಕಾಣುತ್ತದೆ. ಅನೇಕ ಟಿವಿಗಳು ಈ ಸೆಟಿಂಗನ್ನು ಒಂದೊಂದು ಎಚ್‌ಡಿಎಂಐ ಪೋರ್ಟಿಗೆ ಬೇರೆಬೇರೆಯಾಗಿಯೇ ನೆನಪಿಟ್ಟುಕೊಳ್ಳುವುದರಿಂದ, ಒಂದೇ ಟಿವಿ ಎಂಬ ಕಾರಣಕ್ಕೆ ಎರಡೂ ಕನ್ಸೋಲ್‌ಗಳು ಒಂದೇ ಸ್ಥಿತಿಯಲ್ಲಿವೆ ಎಂದು ತಿಳಿಯಬಾರದು. ಒಂದು ಪೋರ್ಟ್ ಗೇಮ್ ಮೋಡಿನಲ್ಲಿ, ಇನ್ನೊಂದು ಅಂಗಡಿಯಲ್ಲಿ ಪ್ರದರ್ಶನಕ್ಕಿಡುವ ಕಣ್ಣುಕುಕ್ಕುವ ಮೋಡಿನಲ್ಲಿ ಇರುವುದೂ ಉಂಟು.

ಎರಡೂ ಕನ್ಸೋಲ್‌ಗಳನ್ನು ಒಂದಾದ ಮೇಲೊಂದರಂತೆ ಅದೇ ಪೋರ್ಟಿಗೆ, ಅದೇ ಕೇಬಲಿನಲ್ಲಿ ಜೋಡಿಸಿ ನೋಡಿ. ಮೇಲಿನ ಎರಡು ಪದ್ಧತಿಗಳಲ್ಲಿ ಒಂದನ್ನು ಆರಿಸುವ ಸೆಟಿಂಗ್‌ಗಳಾದ ಕನ್ಸೋಲಿನ ಆರ್‌ಜಿಬಿ ರೇಂಜ್ ಮತ್ತು ಟಿವಿಯ ಬ್ಲ್ಯಾಕ್ ಲೆವೆಲ್ ಒಂದಕ್ಕೊಂದು ಹೊಂದುವಂತಿರಲಿ. ಎಚ್‌ಡಿಆರ್ (ಕತ್ತಲೆ ಬೆಳಕುಗಳ ಅಂತರವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ) ಹಾಕುವುದಾದರೆ ಎರಡರಲ್ಲೂ ಹಾಕಿ, ಇಲ್ಲವೇ ಎರಡರಲ್ಲೂ ತೆಗೆಯಿರಿ. ಆಟದೊಳಗೆ ಬ್ರೈಟ್‌ನೆಸ್ ಪಟ್ಟಿಯಿದ್ದರೆ ಅದನ್ನೂ ಸರಿಗಟ್ಟಿ. ಇಷ್ಟಾದ ಮೇಲೂ ಉಳಿಯುವ ವ್ಯತ್ಯಾಸ ಮಾತ್ರ ಯಂತ್ರಗಳದ್ದು.

ಯಂತ್ರಗಳ ವ್ಯತ್ಯಾಸ ಸುಳ್ಳೆಂದು ನಾನು ಹೇಳುತ್ತಿಲ್ಲ. 2013ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಬಂದಾಗ ಕಾಲ್ ಆಫ್ ಡ್ಯೂಟಿ: ಘೋಸ್ಟ್ಸ್ ಎಂಬ ಆಟ ಮೊದಲನೆಯದರಲ್ಲಿ 1080ಪಿ (ಅಂದರೆ ಚಿತ್ರದಲ್ಲಿ 1080 ಅಡ್ಡಸಾಲು ಪಿಕ್ಸೆಲ್‌ಗಳು), ಎರಡನೆಯದರಲ್ಲಿ 720ಪಿ ಆಗಿತ್ತು. ಲೆಕ್ಕ ಹಾಕಿದರೆ 20,73,600 ಪಿಕ್ಸೆಲ್ ಒಂದು ಕಡೆ, 9,21,600 ಪಿಕ್ಸೆಲ್ ಇನ್ನೊಂದು ಕಡೆ; ಅರ್ಧಕ್ಕಿಂತಲೂ ಕಡಿಮೆ. ಗ್ರಾಫಿಕ್ಸ್ ಚಿಪ್ಪಿನ ಬಲದಲ್ಲೂ ಅಂತರವಿತ್ತು, ಆದರೆ ಮೆಮೊರಿಯ ಕಥೆ ಹೆಚ್ಚು ಕುತೂಹಲಕರ. ಪ್ಲೇಸ್ಟೇಷನ್ 4ರ 8 ಜಿಬಿ ಮೆಮೊರಿ ಸೆಕೆಂಡಿಗೆ 176 ಜಿಬಿ ವೇಗದ್ದು. ಎಕ್ಸ್‌ಬಾಕ್ಸ್ ಒನ್‌ನದು ಸುಮಾರು 68 ಜಿಬಿ. ಆ ಕೊರತೆ ತುಂಬಲು ಅದರ ಚಿಪ್ಪಿನೊಳಗೆ 32 ಎಂಬಿಯ ಅತಿವೇಗದ ಪುಟ್ಟ ಮೆಮೊರಿಯನ್ನು ಇಟ್ಟಿದ್ದರು. 1080ಪಿ ಚಿತ್ರದ ಒಂದು ಪದರಕ್ಕೆ, ಪಿಕ್ಸೆಲ್ಲಿಗೆ 4 ಬೈಟ್‌ನಂತೆ, ಸುಮಾರು 8 ಎಂಬಿ ಬೇಕು. ಬಣ್ಣ, ಮೇಲ್ಮೈಯ ದಿಕ್ಕು, ಹೊಳಪು, ಆಳ ಮುಂತಾದ ಐದು ಪದರಗಳನ್ನು ಇಟ್ಟುಕೊಂಡು ಬೆಳಕನ್ನು ಲೆಕ್ಕಹಾಕುವ ಆಟಕ್ಕೆ 40 ಎಂಬಿ ದಾಟುತ್ತದೆ, 32ರಲ್ಲಿ ಹಿಡಿಸುವುದಿಲ್ಲ. ರೆಸಲ್ಯೂಷನ್, ಅಂದರೆ ಚಿತ್ರದ ಪಿಕ್ಸೆಲ್‌ಗಳ ಸಂಖ್ಯೆ, ಇಳಿಸುವುದೇ ಹತ್ತಿರದ ದಾರಿಯಾಗಿತ್ತು.

ಇನ್ನು ನಿಮ್ಮ ತಮ್ಮನ ಟೆರಾಫ್ಲಾಪ್ ವಾದ. 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದು 12, ಪ್ಲೇಸ್ಟೇಷನ್ 5ರದು 10.28. ಆದರೆ ಮೊದಲನೆಯದರಲ್ಲಿ 52 ಗ್ರಾಫಿಕ್ಸ್ ಘಟಕಗಳು 1.825 ಗಿಗಾಹರ್ಟ್ಸ್‌ನಲ್ಲಿ ನಡೆದರೆ, ಎರಡನೆಯದರಲ್ಲಿ 36 ಘಟಕಗಳು 2.23 ಗಿಗಾಹರ್ಟ್ಸ್‌ವರೆಗೆ ಓಡುತ್ತವೆ. ಕೆಲವು ಕೆಲಸಕ್ಕೆ ಹೆಚ್ಚು ಕೈಗಳು ಬೇಕು, ಕೆಲವಕ್ಕೆ ಚುರುಕು ಕೈಗಳು ಸಾಕು. ಹೀಗಾಗಿ ಈ ಎರಡರ ನಡುವೆ ಆಟದಿಂದ ಆಟಕ್ಕೆ ಫಲಿತಾಂಶ ಬದಲಾಗುತ್ತದೆ, ಮತ್ತು ಆ ಅಂತರ ಸೋಫಾದ ಮೇಲೆ ಕುಳಿತವರ ಕಣ್ಣಿಗೆ ಬೀಳುವುದು ಅಪರೂಪ.

ಪ್ರಶ್ನೆ: ಟಿವಿ ಯಾವಾಗಲೂ 2160ಪಿ ಎಂದೇ ತೋರಿಸುತ್ತದೆ. ಹಾಗಿರುವಾಗ ಒಳಗೆ ಚಿತ್ರ ಎಷ್ಟು ಪಿಕ್ಸೆಲ್‌ಗಳಲ್ಲಿ ತಯಾರಾಗಿದೆ ಎಂಬುದನ್ನು ತಜ್ಞರು ಹೇಗೆ ಕಂಡುಹಿಡಿಯುತ್ತಾರೆ?

ಉತ್ತರ: ಮೆಟ್ಟಿಲು ಎಣಿಸಿ. ಸ್ವಲ್ಪವೇ ಓರೆಯಾಗಿರುವ ಒಂದು ಅಂಚನ್ನು, ಉದಾಹರಣೆಗೆ ಛಾವಣಿಯ ಸಾಲನ್ನು, ಸ್ಕ್ರೀನ್‌ಶಾಟಿನಲ್ಲಿ ಹಿಗ್ಗಿಸಿ ನೋಡಿದರೆ ಅದು ನೇರ ಗೆರೆಯಾಗಿರದೆ ಸಣ್ಣ ಮೆಟ್ಟಿಲುಗಳಂತೆ ಇರುತ್ತದೆ. 1080ಪಿ ಪರದೆಯಲ್ಲಿ ಆ ಅಂಚು 30 ಸಾಲು ಕೆಳಗಿಳಿಯುವಷ್ಟರಲ್ಲಿ 30 ಮೆಟ್ಟಿಲುಗಳಿದ್ದರೆ ಚಿತ್ರ ನಿಜವಾಗಿಯೂ 1080ಪಿ. 20 ಮಾತ್ರ ಸಿಕ್ಕರೆ ಮೂರರಲ್ಲಿ ಎರಡು ಪಾಲು, ಅಂದರೆ 720ಪಿ ಚಿತ್ರವನ್ನು ಹಿಗ್ಗಿಸಿ ಕಳುಹಿಸಲಾಗಿದೆ ಎಂದರ್ಥ. 2007ರ ಹೇಲೋ 3 ಆಟದ ಚಿತ್ರ ಒಳಗೆ 1152×640 ಎಂಬುದನ್ನು ಆಸಕ್ತರು ಪತ್ತೆ ಮಾಡಿದ್ದು ಹೀಗೆ ಪಿಕ್ಸೆಲ್ ಎಣಿಸಿಯೇ.

ಈ ವಿಧಾನ ಈಗ ಮೊದಲಿನಷ್ಟು ಸುಲಭವಲ್ಲ. ಇಂದಿನ ಆಟಗಳು ಹಿಂದಿನ ಫ್ರೇಮ್‌ಗಳ (ಚಲನೆಯಲ್ಲಿ ಒಂದಾದ ಮೇಲೊಂದು ಬರುವ ಬಿಡಿ ಚಿತ್ರಗಳ) ಮಾಹಿತಿಯನ್ನು ಸೇರಿಸಿಕೊಂಡು ಹೊಸ ಫ್ರೇಮನ್ನು ಹಿಗ್ಗಿಸುವುದರಿಂದ ಮೆಟ್ಟಿಲುಗಳು ಅಳಿಸಿಹೋಗುತ್ತವೆ. 2024ರ ಪ್ಲೇಸ್ಟೇಷನ್ 5 ಪ್ರೊ ಮತ್ತು 2025ರ ಸ್ವಿಚ್ 2 ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯನ್ನೂ ಬಳಸಬಲ್ಲವು. ಆದರೆ ಕ್ಯಾಮೆರಾ ತಟ್ಟನೆ ಇನ್ನೊಂದು ದೃಶ್ಯಕ್ಕೆ ಹಾರಿದಾಗ, ಆ ಮೊದಲ ಫ್ರೇಮಿಗೆ ಹಿಂದಿನದೆಂಬುದೇ ಇರುವುದಿಲ್ಲ. ಅದೊಂದು ಫ್ರೇಮನ್ನು ಹಿಡಿದರೆ ಮೆಟ್ಟಿಲುಗಳು ಮತ್ತೆ ಕಾಣಸಿಗುತ್ತವೆ. ರೆಸಲ್ಯೂಷನ್ ಕ್ಷಣಕ್ಷಣಕ್ಕೂ ಏರಿಳಿಯುವ ಆಟಗಳೂ ಇರುವುದರಿಂದ ಒಂದೇ ಕಡೆ ಎಣಿಸಿ ತೀರ್ಪು ಕೊಡಬಾರದು. ಗದ್ದಲದ ದೃಶ್ಯವನ್ನೂ ಖಾಲಿ ದೃಶ್ಯವನ್ನೂ ತೆಗೆದುಕೊಳ್ಳಬೇಕು.

ಪ್ರಶ್ನೆ: ಅಂತರ್ಜಾಲದಲ್ಲಿ ಸಿಗುವ ಅಕ್ಕಪಕ್ಕದ ಚಿತ್ರಗಳನ್ನು ನೋಡಿ ಕನ್ಸೋಲ್ ಆರಿಸಬಹುದೇ?

ಉತ್ತರ: ಅಷ್ಟರಿಂದಲೇ ಬೇಡ. ಅಪ್‌ಲೋಡ್ ಮಾಡುವಾಗ ಚಿತ್ರವನ್ನು ಕುಗ್ಗಿಸುವುದರಿಂದ ಹುಲ್ಲು, ಕೂದಲು, ದೂರದ ಎಲೆಗಳಂಥ ಸೂಕ್ಷ್ಮ ವಿವರಗಳು ಮೊದಲು ಹೋಗುತ್ತವೆ, ಮತ್ತು ಹೋಲಿಕೆಯಲ್ಲಿ ನೋಡಬೇಕಾದದ್ದು ಅವುಗಳನ್ನೇ. ಇನ್ನೂ ಮುಖ್ಯವಾಗಿ, ನಿಂತ ಚಿತ್ರ ಚಲನೆಯನ್ನು ತೋರಿಸಲಾರದು. ಸೆಕೆಂಡಿಗೆ 60 ಫ್ರೇಮ್ ಎಂದರೆ ಪ್ರತಿ ಫ್ರೇಮಿಗೆ 16.7 ಮಿಲಿಸೆಕೆಂಡ್, 30 ಎಂದರೆ 33.3. ಸ್ವಲ್ಪ ಮಸುಕಾಗಿದ್ದರೂ ಹದ ತಪ್ಪದೆ ಸಾಗುವ ಚಿತ್ರವೇ, ಚೂಪಾಗಿದ್ದು ಆಗಾಗ ತಡವರಿಸುವ ಚಿತ್ರಕ್ಕಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪರಿಚಿತರ ಮನೆಯಲ್ಲಿ ಆ ಕನ್ಸೋಲ್ ಇದ್ದರೆ ನೀವು ಹೆಚ್ಚಾಗಿ ಆಡುವ ಆಟವನ್ನೇ ಅರ್ಧ ಗಂಟೆ ಆಡಿ ನೋಡಿ. ಆಗ ಕ್ವಾಲಿಟಿ (ಚಿತ್ರದ ಅಂದಕ್ಕೆ ಆದ್ಯತೆ) ಮತ್ತು ಪರ್ಫಾರ್ಮೆನ್ಸ್ (ಚಲನೆಯ ನಯಕ್ಕೆ ಆದ್ಯತೆ) ಮೋಡ್‌ಗಳಲ್ಲಿ ಯಾವುದು ಆನ್ ಆಗಿದೆ ಎಂದು ಮೊದಲೇ ಕೇಳಿಕೊಳ್ಳಿ.